ತಾಹೋ ಹಿಮದ ಮನೆಗೆ ಹೊರಡುವ ಮುನ್ನ: ಸ್ಕೀ ರಜೆಯ ಸಮಗ್ರ ಸಿದ್ಧತೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ತೆಳು ಸ್ವೆಟರ್ ಹಾಕಿಕೊಂಡು ಕಾರು ಹತ್ತಿದವರು ನಾಲ್ಕೈದು ಗಂಟೆಯಲ್ಲಿ ಸಿಯೆರಾ ನೆವಾಡಾ ಬೆಟ್ಟಸಾಲಿನ ಮಂಡಿಯುದ್ದ ಹಿಮದಲ್ಲಿ ಇಳಿಯುತ್ತಾರೆ. ಲೇಕ್ ತಾಹೋದ ನೀರಿನ ಮಟ್ಟವೇ ಸಮುದ್ರದಿಂದ 1,897 ಮೀಟರ್ ಎತ್ತರ. ಅಲ್ಲಿಗೆ ಹೋಗಲು ಇನ್ನೂ ಎತ್ತರದ ಘಟ್ಟ ದಾಟಬೇಕು: ಹೆದ್ದಾರಿ ಐ-80ರಲ್ಲಿ ಡಾನರ್ ಪಾಸ್ ಸುಮಾರು 2,200 ಮೀಟರ್, ಹೆದ್ದಾರಿ 50ರಲ್ಲಿ ಎಕೋ ಸಮಿಟ್ 2,250 ಮೀಟರ್. ನಾಲ್ಕು ಕುಟುಂಬ ಸೇರಿ ಕ್ಯಾಬಿನ್ ಹಿಡಿದು ಹೋಗುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡಿಗರ ರಜೆ ಕೆಡುವುದು ಸ್ಕೀ ಮೇಲೆ ಬಿದ್ದು ಅಲ್ಲ. ಕತ್ತಲಲ್ಲಿ ಹಿಮದ ಹಿಡಿತಕ್ಕೆಂದು ಟೈರಿಗೆ ಚೈನು ಕಟ್ಟಲು ಬಾರದೆ, ಜೀನ್ಸ್ ಒದ್ದೆಯಾಗಿ, ಬೇಳೆ ಬೇಯದೆ ಕೆಡುತ್ತದೆ. ಈ ಮೂರನ್ನೂ ಮನೆಯಲ್ಲಿ, ಒಣ ನೆಲದ ಮೇಲೆ ನಿಂತೇ ಬಗೆಹರಿಸಿಕೊಳ್ಳಬಹುದು.

ಮನೆ ಬುಕ್ ಮಾಡುವಾಗ ಕೇಳಬೇಕಾದ್ದು

ಫೋಟೋದಲ್ಲಿ ಕಾಣುವ ಬಿಸಿನೀರಿನ ತೊಟ್ಟಿಗಿಂತ ಮುಖ್ಯವಾದ ಪ್ರಶ್ನೆಗಳಿವೆ. ಮನೆ ಮುಂದಿನ ಇಳಿಜಾರಿನ ಹಿಮ ಯಾರು ತೆಗೆಯುತ್ತಾರೆ, ಎಷ್ಟು ಬಿದ್ದ ಮೇಲೆ ತೆಗೆಯುತ್ತಾರೆ? ಎಷ್ಟು ಕಾರು ಒಳಗೆ ನಿಲ್ಲುತ್ತವೆ? ಎರಡನೆಯದನ್ನು ಬಹಳ ಜನ ಕೇಳುವುದಿಲ್ಲ. ಚಳಿಗಾಲದಲ್ಲಿ ಹಿಮ ತೆಗೆಯುವ ಗಾಡಿಗಳಿಗೆ ದಾರಿ ಬೇಕಾದ್ದರಿಂದ ರಸ್ತೆ ಬದಿಯಲ್ಲಿ ಕಾರು ಬಿಡುವಂತಿಲ್ಲ. ಬಿಟ್ಟರೆ ದಂಡ ಬೀಳುತ್ತದೆ, ಇಲ್ಲವೇ ಎಳೆದೊಯ್ಯುತ್ತಾರೆ. ನಾಲ್ಕು ಕುಟುಂಬ, ನಾಲ್ಕು ಕಾರು, ಎರಡಕ್ಕೆ ಮಾತ್ರ ಜಾಗ ಎಂಬುದು ರಾತ್ರಿ ಹತ್ತಕ್ಕೆ ಗೊತ್ತಾಗಬಾರದು.

ಇನ್ನು ಒಲೆ ಗ್ಯಾಸಿನದೋ ಕರೆಂಟಿನದೋ, ಕರೆಂಟು ಹೋದರೆ ಬೆಚ್ಚಗಿರಲು ಬೇರೆ ಏನಿದೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ, ಸಲಿಕೆ ಎಷ್ಟಿವೆ, ಬಾಗಿಲಿಗೆ ಎಷ್ಟು ಮೆಟ್ಟಿಲು ಎಂಬುದನ್ನೂ ಬರೆದು ಕೇಳಿ. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಹಿಮಗಟ್ಟಿದ ಇಪ್ಪತ್ತು ಮೆಟ್ಟಿಲಿನ ಮನೆ ಬೇಡವೇ ಬೇಡ. ರಸ್ತೆ ಮುಚ್ಚಿ ನೀವು ತಲುಪಲಾಗದಿದ್ದರೆ ಹಣ ಮರಳಿ ಬರುತ್ತದೆಯೇ ಎಂಬುದನ್ನು ಓದಿಯೇ ದುಡ್ಡು ಕಟ್ಟಿ. ಹಲವು ಕರಾರುಗಳಲ್ಲಿ ಬರುವುದಿಲ್ಲ.

ಮನೆ ಎಲ್ಲಿರಬೇಕು ಎಂಬುದು ಎಲ್ಲಿ ಸ್ಕೀ ಮಾಡುತ್ತೀರಿ ಎಂಬುದರ ಮೇಲೆ. ನಾರ್ತ್‌ಸ್ಟಾರ್, ಪ್ಯಾಲಿಸೇಡ್ಸ್, ಶುಗರ್ ಬೌಲ್‌ಗೆ ಟ್ರಕೀ ಅಥವಾ ಉತ್ತರ ದಡ. ಹೆವನ್ಲಿ, ಸಿಯೆರಾ-ಅಟ್-ತಾಹೋಗೆ ದಕ್ಷಿಣ ದಡ. ಭೂಪಟದಲ್ಲಿ ಸರೋವರದ ಆಚೆ ದಡ ಹತ್ತಿರ ಕಾಣುತ್ತದೆ. ಆದರೆ ಪಶ್ಚಿಮದ ಹೆದ್ದಾರಿ 89 ಎಮರಾಲ್ಡ್ ಬೇ ಬಳಿ ಹಿಮಕುಸಿತದ ಭಯಕ್ಕೆ ಆಗಾಗ ಮುಚ್ಚುತ್ತದೆ.

ಸ್ಕೀ ಸಾಮಾನು, ಲಿಫ್ಟ್ ಟಿಕೆಟ್

ಮೊದಲ ಸಲದವರು ಏನನ್ನೂ ಕೊಳ್ಳಬೇಡಿ. ಬೂಟು, ಸ್ಕೀ, ಕೋಲು, ಹೆಲ್ಮೆಟ್ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಬೆಟ್ಟದ ಮೇಲಿನ ಅಂಗಡಿಗಿಂತ ಬೇ ಏರಿಯಾದ ಅಂಗಡಿಯಲ್ಲಿ ಬಾಡಿಗೆ ಕಡಿಮೆ, ಸಾಲೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಬೂಟು ನೋಡಲು ಸಮಯ ಸಿಗುತ್ತದೆ. ಮನೆಗೆ ತಂದು ಟಿವಿ ನೋಡುತ್ತಾ ಅರ್ಧ ಗಂಟೆ ಹಾಕಿಕೊಂಡು ಕೂರಿ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂಭಾಗಕ್ಕೆ ಸವರಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಸಡಿಲ ಬೂಟೇ ಆರಾಮ ಎಂದು ಒಂದು ಅಳತೆ ದೊಡ್ಡದು ತೆಗೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕಾಲು ಒಳಗೆ ಜಾರಾಡುತ್ತದೆ, ಹಿಡಿತ ಬರಲೆಂದು ಬಕಲ್ ಬಿಗಿದರೆ ರಕ್ತಸಂಚಾರ ನಿಲ್ಲುತ್ತದೆ, ಬೆರಳು ಮರಗಟ್ಟುತ್ತವೆ.

ಅಂಗಡಿಯವರು ತೂಕ, ಎತ್ತರ, ವಯಸ್ಸು, ಸ್ಕೀ ಎಷ್ಟು ಬರುತ್ತದೆ ಎಂದು ಕೇಳುತ್ತಾರೆ. ಬಿದ್ದಾಗ ಬೂಟು ಸ್ಕೀಯಿಂದ ಯಾವ ಬಲಕ್ಕೆ ಕಳಚಿಕೊಳ್ಳಬೇಕು ಎಂಬುದನ್ನು ಈ ಉತ್ತರಗಳಿಂದಲೇ ಹೊಂದಿಸುವುದು. ನಾಚಿಕೆಗೆ ಐದು ಕೆಜಿ ಕಡಿಮೆ ಹೇಳಿದರೆ ನಿಷ್ಕಾರಣ ಕಳಚುತ್ತದೆ. ಕಲಿತವರೆಂದು ಸುಳ್ಳು ಹೇಳಿದರೆ ಕಳಚಬೇಕಾದಾಗ ಕಳಚದೆ ಮೊಣಕಾಲು ತಿರುಚುತ್ತದೆ. ನಿಜ ಹೇಳಿ.

ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ನ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಿ. ರಜೆಯ ದಿನ ದೊಡ್ಡ ರೆಸಾರ್ಟ್‌ಗಳ ಕಿಟಕಿಯಲ್ಲಿ ಒಬ್ಬರಿಗೆ 200 ಡಾಲರ್ ದಾಟುತ್ತದೆ. ಹೊಸಬರಿಗೆ ಪೂರ್ತಿ ಬೆಟ್ಟದ ಟಿಕೆಟ್ ದಂಡ. ಪಾಠ, ಸಾಮಾನು, ಕೆಳಗಿನ ಲಿಫ್ಟ್ ಮೂರೂ ಸೇರಿದ ಹೊಸಬರ ಪ್ಯಾಕೇಜ್ ಕೇಳಿ. ಮಕ್ಕಳ ಪಾಠ ಡಿಸೆಂಬರ್ ರಜೆ ಮತ್ತು ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ವಾರಕ್ಕೆ ವಾರಗಳ ಮೊದಲೇ ತುಂಬುತ್ತದೆ. ಕೆಲವು ರೆಸಾರ್ಟ್‌ಗಳಲ್ಲಿ ವಾರಾಂತ್ಯದ ಪಾರ್ಕಿಂಗ್‌ಗೂ ಬುಕಿಂಗ್ ಬೇಕು, ನೋಡಿಕೊಳ್ಳಿ.

ಬಟ್ಟೆ: ಚಳಿಗಿಂತ ಒದ್ದೆ ಕೆಟ್ಟದ್ದು

ತಾಹೋದ ಹಿಮ ಸಾಗರದ ತೇವ ಹೊತ್ತು ಬಂದದ್ದು, ಭಾರ, ನೀರು ನೀರು. ಸ್ಥಳೀಯರು ಇದನ್ನು ಸಿಯೆರಾ ಸಿಮೆಂಟ್ ಎನ್ನುತ್ತಾರೆ. ಜೀನ್ಸ್ ಹಾಕಿ ಎರಡು ಸಲ ಬಿದ್ದರೆ ಸಾಕು, ಹತ್ತಿ ನೀರು ಹೀರಿ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಲಿಫ್ಟ್ ಮೇಲೆ ಗಾಳಿಗೆ ಕೂತಾಗ ಹಲ್ಲು ಕಟಕಟ. ಹತ್ತಿಯ ಬನಿಯನ್, ಹತ್ತಿಯ ಕಾಲುಚೀಲಕ್ಕೂ ಇದೇ ಮಾತು.

ಮೂರು ಪದರ ಸಾಕು. ಮೈಗೆ ತಾಗುವುದು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್, ನಡುವೆ ಫ್ಲೀಸ್, ಮೇಲೆ ನೀರು ತಡೆವ ಜಾಕೆಟ್, ಪ್ಯಾಂಟು. ಬೇ ಏರಿಯಾದಲ್ಲಿ ಹಾಕುವ, ಹಕ್ಕಿ ಪುಕ್ಕ ತುಂಬಿದ ಡೌನ್ ಜಾಕೆಟ್ ಒಂದೇ ನಂಬಬೇಡಿ: ಒದ್ದೆಯಾದ ಡೌನ್ ಮುದ್ದೆಯಾಗಿ ಬಿಸಿ ಹಿಡಿಯುವುದಿಲ್ಲ. ಜಾಕೆಟ್, ಪ್ಯಾಂಟು ಕೂಡ ಬಾಡಿಗೆಗೆ ಸಿಗುತ್ತವೆ.

ಕಾಲುಚೀಲ ಒಂದೇ ಜೊತೆ, ತೆಳುವಾದದ್ದು, ಮೊಣಕಾಲಿನವರೆಗೆ. ಎರಡು ಹಾಕಿದರೆ ಬೆಚ್ಚಗಿರುತ್ತದೆ ಎಂಬುದು ತಪ್ಪು ಲೆಕ್ಕ. ಸುಕ್ಕು ಬಿದ್ದು ಗುಳ್ಳೆ ಏಳುತ್ತವೆ, ಬೂಟು ಬಿಗಿಯಾಗಿ ಕಾಲು ತಣ್ಣಗಾಗುತ್ತದೆ. ಬೂಟಿನೊಳಗೆ ಕಾಲುಚೀಲ ಬಿಟ್ಟು ಬೇರೇನೂ ಹೋಗಬಾರದು. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನ ಮೇಲಕ್ಕೆ ಮಡಚಿ, ಇಲ್ಲದಿದ್ದರೆ ಅದರ ಹೊಲಿಗೆ ಕಣಕಾಲಿಗೆ ಇಡೀ ದಿನ ಒತ್ತುತ್ತದೆ.

ಮಫ್ಲರ್, ದುಪ್ಪಟ್ಟಾ, ಉದ್ದನೆಯ ಶಾಲು ಬೆಟ್ಟಕ್ಕೆ ಬೇಡ. ಚೇರ್‌ಲಿಫ್ಟಿಗೆ ಸಿಕ್ಕಿಕೊಂಡರೆ ಕುತ್ತಿಗೆಗೇ ಉರುಳು. ಕುತ್ತಿಗೆಗೆ ಕೊಳವೆಯಂಥ ಬಟ್ಟೆ ಸಿಗುತ್ತದೆ, ಅದನ್ನೇ ಹಾಕಿ. ಮಾಂಗಲ್ಯ, ಬಳೆ, ಜುಮುಕಿ ಮನೆಯಲ್ಲೇ ಭದ್ರವಾಗಿಡಿ. ಸರ ತೆಗೆಯಲು ಮನಸ್ಸೊಪ್ಪದಿದ್ದರೆ ಥರ್ಮಲ್ ಒಳಗೆ ಸೇರಿಸಿ. ಹೆಲ್ಮೆಟ್ ಒಳಗೆ ದಪ್ಪ ಮಂಕಿ ಕ್ಯಾಪ್ ಕೂರುವುದಿಲ್ಲ, ಕೂರಿಸಿದರೆ ಹೆಲ್ಮೆಟ್ ಸಡಿಲ. ಉದ್ದ ಜಡೆಯನ್ನು ಕುತ್ತಿಗೆಯ ಹತ್ತಿರ ಕಟ್ಟಿ ಜಾಕೆಟ್ ಒಳಗೆ ಹಾಕಿಕೊಳ್ಳಿ.

ಮಕ್ಕಳಿಗೆ ಬೆರಳು ಬೆರಳಾದ ಕೈಗವಸಿಗಿಂತ ಎಲ್ಲ ಬೆರಳೂ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಒಬ್ಬೊಬ್ಬರಿಗೆ ಎರಡು ಜೊತೆ, ಏಕೆಂದರೆ ಮೊದಲನೆಯದು ಮಧ್ಯಾಹ್ನದೊಳಗೆ ಒದ್ದೆಯಾಗುತ್ತದೆ.

ಸನ್‌ಸ್ಕ್ರೀನ್ ಮರೆಯುವವರೇ ಹೆಚ್ಚು. ಎತ್ತರ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ಶೇ. 10 ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ. 80ರವರೆಗೆ ಮೇಲಕ್ಕೇ ಎಸೆಯುತ್ತದೆ. ಕಪ್ಪು ಚರ್ಮ ಸುಡುವುದಿಲ್ಲ ಎಂದುಕೊಂಡವರ ಮೂಗು, ಗಲ್ಲದ ಕೆಳಭಾಗ, ತುಟಿ ಎರಡನೇ ದಿನ ಉರಿಯುತ್ತವೆ. ಗಾಗಲ್ಸ್ ಇಲ್ಲದೆ ಬೆಟ್ಟ ಹತ್ತಬೇಡಿ. ಮೋಡದ ದಿನಕ್ಕೆ ಹಳದಿ ಅಥವಾ ಗುಲಾಬಿ ಗಾಜು, ಬಿಸಿಲಿಗೆ ಕಪ್ಪು.

ಕಾರು ಮತ್ತು ಚೈನು

ಹೊರಡುವ ಎರಡು ವಾರ ಮುಂಚೆ ಟೈರ್ ಬದಿಯ ಬರಹ ಓದಿ. 225/65ಆರ್17 ಎಂಬಂಥ ಅಳತೆಗೆ ಸರಿಯಾಗಿಯೇ ಚೈನು ಕೊಳ್ಳಬೇಕು. ಎಂ+ಎಸ್ ಎಂಬ ಗುರುತು ಅಥವಾ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಅದು ಹಿಮಕ್ಕೆ ಒಪ್ಪುವ ಟೈರ್. ಟೈರಿನ ಗೀರುಗಳ ಆಳ ಇಂಚಿನ 32ರಲ್ಲಿ 6 ಭಾಗ, ಅಂದರೆ ಸುಮಾರು 5 ಮಿಲಿಮೀಟರ್ ಉಳಿದಿರಬೇಕು.

ಕ್ಯಾಲಿಫೋರ್ನಿಯಾದಲ್ಲಿ ಮೂರು ಹಂತದ ನಿಯಮವಿದೆ. ಆರ್1: ಹಿಮದ ಟೈರ್ ಇಲ್ಲದ ಎರಡು ಚಕ್ರ ಚಾಲನೆಯ ಗಾಡಿಗೆ ಚೈನು ಬೇಕು. ಆರ್2: ನಾಲ್ಕೂ ಚಕ್ರ ಚಾಲನೆಯಿದ್ದು ನಾಲ್ಕಕ್ಕೂ ಹಿಮದ ಟೈರ್ ಇರುವ ಗಾಡಿ ಬಿಟ್ಟು ಎಲ್ಲಕ್ಕೂ ಚೈನು. ಆರ್3: ಯಾವ ಗಾಡಿಗೂ ವಿನಾಯಿತಿ ಇಲ್ಲ, ಸಾಮಾನ್ಯವಾಗಿ ಅಷ್ಟರೊಳಗೆ ರಸ್ತೆಯನ್ನೇ ಮುಚ್ಚಿರುತ್ತಾರೆ. ನಮ್ಮದು ಆಲ್ ವೀಲ್ ಡ್ರೈವ್ ಎಂದು ಚೈನಿಲ್ಲದೆ ಹೋಗುವವರಿದ್ದಾರೆ. ಈ ನಿಯಮ ಜಾರಿಯಿರುವ ನಿಯಂತ್ರಣದ ಪ್ರದೇಶದಲ್ಲಿ ಅವರೂ ಚೈನು ಜೊತೆಗೆ ಇಟ್ಟುಕೊಂಡಿರಲೇಬೇಕು. ಆಲ್ ವೀಲ್ ಡ್ರೈವ್ ಕಾರನ್ನು ಮುಂದಕ್ಕೆ ನೂಕುತ್ತದೆ, ಅಷ್ಟೇ. ಮಂಜುಗಡ್ಡೆಯ ಮೇಲೆ ಬ್ರೇಕು ಹಿಡಿಸುವುದು ಟೈರ್.

ಚೈನು ಚಾಲನೆಯ ಚಕ್ರಕ್ಕೆ. ಹೆಚ್ಚಿನ ಕಾರುಗಳಲ್ಲಿ ಮುಂದಿನವು. ನಿಮ್ಮ ಕಾರಿನ ಕೈಪಿಡಿ ಏನು ಹೇಳುತ್ತದೆ ನೋಡಿ, ಕೆಲವಕ್ಕೆ ಚಕ್ರ ಮತ್ತು ಸಸ್ಪೆನ್ಷನ್ ನಡುವೆ ಜಾಗ ಕಡಿಮೆ, ತೆಳು ಕೇಬಲ್ ಚೈನು ಮಾತ್ರ ಹಿಡಿಸುತ್ತದೆ. ಬಾಡಿಗೆ ಕಾರಾದರೆ ಕರಾರು ಓದಿ, ಹಲವು ಕಂಪನಿಗಳು ಚೈನು ಹಾಕಬಾರದೆಂದೇ ಬರೆದಿರುತ್ತವೆ.

ಈಗ ಅಭ್ಯಾಸ. ಹಿತ್ತಲಲ್ಲೋ ಗ್ಯಾರೇಜಿನಲ್ಲೋ ಹಗಲಲ್ಲೇ ಎರಡು ಸಲ ಹಾಕಿ ತೆಗೆಯಿರಿ. ಚೈನನ್ನು ನೆಲದ ಮೇಲೆ ಹರಡಿ ತಿರುಚು ಬಿಡಿಸಿ. ಚಕ್ರದ ಹಿಂದಿನಿಂದ ಸುತ್ತಿ ಮೇಲೆತ್ತಿ. ಮೊದಲು ಒಳಬದಿಯ ಕೊಕ್ಕೆ, ಆಮೇಲೆ ಹೊರಬದಿಯದು; ಒಳಗಿನದನ್ನು ಕಣ್ಣಿಗೆ ಕಾಣದೆ ಕೈಯ ಸ್ಪರ್ಶದಲ್ಲೇ ಹಾಕಬೇಕಾಗುತ್ತದೆ, ತೊಡಕಾಗುವುದೇ ಅಲ್ಲಿ. ಆಮೇಲೆ ಬಿಗಿಯುವ ರಬ್ಬರು. ನೂರು ಮೀಟರ್ ಓಡಿಸಿ ಇಳಿದು ಮತ್ತೆ ಬಿಗಿಯಿರಿ. ಸಡಿಲ ಚೈನು ಫೆಂಡರ್‌ಗೆ ಬಡಿದು ಬ್ರೇಕಿನ ಪೈಪನ್ನೇ ಹರಿಯಬಹುದು. ಚೈನು ಹಾಕಿದ ಮೇಲೆ ಗಂಟೆಗೆ 25ರಿಂದ 30 ಮೈಲಿ, ಅದಕ್ಕಿಂತ ಜಾಸ್ತಿ ಬೇಡ.

ಚೈನಿನ ಚೀಲದಲ್ಲೇ ಹಳೆಯ ಯೋಗ ಮ್ಯಾಟ್, ರಬ್ಬರ್ ಕೈಗವಸು, ಹಣೆಗೆ ಕಟ್ಟುವ ಟಾರ್ಚು ಇಡಿ. ಈ ಚೀಲ ಎಲ್ಲ ಸಾಮಾನಿನ ಮೇಲಿರಬೇಕು. ಅಡಿಯಲ್ಲಿದ್ದರೆ ಸುರಿವ ಹಿಮದಲ್ಲಿ ಅಕ್ಕಿ ಚೀಲ, ಸೂಟ್‌ಕೇಸ್ ಎಲ್ಲ ರಸ್ತೆಗಿಳಿಸಬೇಕಾಗುತ್ತದೆ. ತಪಾಸಣೆಯ ಹತ್ತಿರ ಲೈಸೆನ್ಸ್ ಇರುವ ಚೈನು ಹಾಕುವವರು ದುಡ್ಡಿಗೆ ಹಾಕಿಕೊಡುತ್ತಾರೆ, ಆದರೆ ಅವರು ಚೈನು ಮಾರುವಂತಿಲ್ಲ. ಕೈಯಲ್ಲಿ ನಗದು ಇರಲಿ.

ಗಾಜು ತೊಳೆಯುವ ನೀರು ಬೇ ಏರಿಯಾದ್ದಾದರೆ ಘಟ್ಟದಲ್ಲಿ ಹೆಪ್ಪುಗಟ್ಟುತ್ತದೆ, ಹಿಮಕ್ಕೆಂದೇ ಸಿಗುವ ದ್ರವ ತುಂಬಿ. ಅರ್ಧ ಟ್ಯಾಂಕ್‌ಗಿಂತ ಕಡಿಮೆ ಪೆಟ್ರೋಲಿನಲ್ಲಿ ಘಟ್ಟ ಹತ್ತಬೇಡಿ. ಎಲೆಕ್ಟ್ರಿಕ್ ಕಾರಿನವರು ಚಳಿ, ಏರು, ಹೀಟರು ಮೂರೂ ಸೇರಿ ಬ್ಯಾಟರಿ ತಿನ್ನುವುದನ್ನು ಲೆಕ್ಕದಲ್ಲಿಟ್ಟು, ತಪ್ಪಲಿನಲ್ಲೇ ತುಂಬಿಸಿಕೊಂಡು ಹೊರಡಿ. ಕಾರಿನೊಳಗೆ ಕೈಗೆಟಕುವಂತೆ ತಲೆಗೊಂದು ಕಂಬಳಿ, ನೀರು, ಒಂದು ಊಟದಷ್ಟು ತಿಂಡಿ, ಸಲಿಕೆ, ಔಷಧಿ ಇರಲಿ. ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಓಡಿಸುವಾಗ ಹೊಗೆ ಕೊಳವೆ ಹಿಮದಲ್ಲಿ ಹೂತಿಲ್ಲವೆಂದು ಇಳಿದು ನೋಡಲೇಬೇಕು. ಹೂತಿದ್ದರೆ ವಿಷಗಾಳಿ ಒಳಗೇ ತುಂಬುತ್ತದೆ, ವಾಸನೆ ಬರುವುದಿಲ್ಲ.

ಹೊರಡುವ ಹೊತ್ತು: ಶುಕ್ರವಾರ ಸಂಜೆ ನಾಲ್ಕರಿಂದ ಎಂಟು ಅತಿ ಕೆಟ್ಟದ್ದು. ಬಿರುಗಾಳಿಯ ಸೂಚನೆ ಇದ್ದರೆ ನಾಲ್ಕು ಗಂಟೆಯ ದಾರಿ ಎಂಟಾಗುತ್ತದೆ. ರಾಜ್ಯದ ರಸ್ತೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಆ್ಯಪ್, 800-427-7623 ಸಂಖ್ಯೆ ಎರಡೂ ಫೋನಿನಲ್ಲಿರಲಿ. ಹೆದ್ದಾರಿ ಮುಚ್ಚಿದಾಗ ಮ್ಯಾಪ್ ಆ್ಯಪ್ ಕಾಡಿನ ಸಣ್ಣ ರಸ್ತೆ ತೋರಿಸಿದರೆ ನಂಬಬೇಡಿ. ಹಿಮ ತೆಗೆಯದ ದಾರಿಯಲ್ಲಿ ಸಿಗ್ನಲ್ಲೂ ಇರುವುದಿಲ್ಲ.

ಅಡುಗೆ: ಎತ್ತರದ ಲೆಕ್ಕವೇ ಬೇರೆ

ತಾಹೋದಲ್ಲಿ ನೀರು ಕುದಿಯುವುದು 94 ಡಿಗ್ರಿ ಸೆಲ್ಸಿಯಸ್ ಹತ್ತಿರ. ಎಷ್ಟೇ ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಮೇಲೇರುವುದಿಲ್ಲ, ಹಾಗಾಗಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಬಾಡಿಗೆ ಮನೆಯಲ್ಲಿ ದೊಡ್ಡ ಪಾತ್ರೆಗಳಿರುತ್ತವೆ, ಕುಕ್ಕರ್ ಇರುವುದಿಲ್ಲ. ಐದು ಲೀಟರಿನದು ಮನೆಯಿಂದ ಒಯ್ಯಿರಿ, ಗ್ಯಾಸ್ಕೆಟ್, ವೆಯ್ಟ್ ಸಮೇತ. ಅದರೊಳಗೂ ಶಾಖ ಎರಡು ಮೂರು ಡಿಗ್ರಿ ಕಡಿಮೆಯೇ; ಮೂರು ಕೂಗಿನ ಅನ್ನಕ್ಕೆ ನಾಲ್ಕು, ಬೇಳೆಗೆ ಇನ್ನೂ ಒಂದು. ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನಲ್ಲಿ ಐದರಲ್ಲೊಂದು ಪಾಲು ಸಮಯ ಹೆಚ್ಚಿಸಿ: 20 ನಿಮಿಷದ್ದು 24. ಕಡಲೆ, ರಾಜ್ಮಾ ಮನೆಯಲ್ಲೇ ಬೇಯಿಸಿ ಫ್ರೀಜ್ ಮಾಡಿ ತರುವುದು ಜಾಣತನ.

ಎರಡನೆಯದು ಗಾಳಿಯ ಒತ್ತಡ. ಡಾನರ್ ಪಾಸ್ ಹತ್ತುವಾಗ ಮುಚ್ಚಿದ ಡಬ್ಬಿಯ ಗಾಳಿ ಕಾಲು ಪಾಲಿಗೂ ಹೆಚ್ಚು ಹಿಗ್ಗುತ್ತದೆ. ಚಿಪ್ಸ್ ಪೊಟ್ಟಣ ಊದುವುದು ನೋಡಲು ಚೆಂದ. ಆದರೆ ಅಂಚಿನವರೆಗೆ ತುಂಬಿ ಬಿಗಿದ ದೋಸೆ ಹಿಟ್ಟಿನ ಡಬ್ಬಿ, ಮೊದಲೇ ಉಕ್ಕುವ ವಸ್ತು ಬೇರೆ, ಮುಚ್ಚಳ ಹಾರಿಸಿ ಟ್ರಂಕೆಲ್ಲ ಹುಳಿ ಮಾಡುತ್ತದೆ. ಹಿಟ್ಟನ್ನು ಮನೆಯಲ್ಲೇ ಹುಳಿ ಬರಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಅಗಲ ಪಾತ್ರೆಯಲ್ಲಿ ಮುಕ್ಕಾಲು ಮಾತ್ರ ತುಂಬಿ, ಐಸ್ ಪೆಟ್ಟಿಗೆಯಲ್ಲಿಡಿ. ಅಲ್ಲಿ ಹೋಗಿ ಹುಳಿ ಬರಿಸುವ ಯೋಚನೆ ಬಿಡಿ. ಸಾಂಬಾರು, ಮೊಸರು, ಶ್ಯಾಂಪೂ ಬಾಟಲಿಗಳನ್ನೂ ಘಟ್ಟದ ನಡುವೆ ನಿಂತಾಗ ಒಮ್ಮೆ ಸಡಿಲಿಸಿ ಮುಚ್ಚಿ.

ಎಂಟು ಜನ, ಮೂರು ರಾತ್ರಿ ಎಂದರೆ ನಾಲ್ಕು ದಿನಕ್ಕೆ ತರಬೇಕು, ಒಂದು ದಿನ ರಸ್ತೆ ಮುಚ್ಚುವ ಲೆಕ್ಕಕ್ಕೆ. 2021ರ ಡಿಸೆಂಬರ್ ಕೊನೆಯ ವಾರ ಐ-80, ಹೆದ್ದಾರಿ 50 ಎರಡೂ ಮುಚ್ಚಿದ್ದವು. 2024ರ ಮಾರ್ಚ್ ಮೊದಲ ವಾರಾಂತ್ಯದ ಬಿರುಗಾಳಿಗೂ ಐ-80 ಮುಚ್ಚಿತ್ತು. ದಿನಕ್ಕೊಂದು ಅನ್ನದ ಊಟವಾದರೆ ಅಕ್ಕಿ ಮೂರೂಕಾಲು ಕೆಜಿ, ತೊಗರಿಬೇಳೆ ಒಂದೂಕಾಲು ಕೆಜಿ, ಎಣ್ಣೆ ಒಂದು ಲೀಟರ್. ಒಂದು ಹೊತ್ತಿನ ದೋಸೆಗೆ ಹಿಟ್ಟು ಎರಡು ಲೀಟರ್. ಪುಳಿಯೋಗರೆ ಗೊಜ್ಜು, ಬಿಸಿಬೇಳೆಬಾತ್ ಪುಡಿ, ಸಾರಿನ ಪುಡಿ, ಚಟ್ನಿಪುಡಿ, ಹುರಿದ ರವೆ ಮನೆಯಿಂದಲೇ. ತಾಹೋ ಸುತ್ತ ಇಂಡಿಯನ್ ಅಂಗಡಿ ಇಲ್ಲವೆಂದೇ ಎಣಿಸಿ. 50ರಲ್ಲಿ ಹೋಗುವವರು ಮರೆತದ್ದನ್ನು ಫಾಲ್ಸಮ್‌ನಲ್ಲಿ ಕೊಳ್ಳಬಹುದು. ಕಾಫಿಯ ಡಿಕಾಕ್ಷನ್ ಮನೆಯಲ್ಲೇ ಗಟ್ಟಿಯಾಗಿ ಇಳಿಸಿ ಎರಡು ದಿನಕ್ಕಾಗುವಷ್ಟು ಬಾಟಲಿಯಲ್ಲಿ ತನ್ನಿ. ಅಲ್ಲಿ ಇಳಿಸಿದರೆ ನೀರು ಅಷ್ಟು ಬಿಸಿಯಿರದೆ ತೆಳ್ಳಗಾಗುತ್ತದೆ, ಪುಡಿ ಸ್ವಲ್ಪ ಹೆಚ್ಚು ಹಾಕಬೇಕು.

ಒಗ್ಗರಣೆ ಹಾಕುವ ಮುನ್ನ ಚಿಮಣಿ ಫ್ಯಾನ್ ಹಾಕಿ, ಒಂದು ಕಿಟಕಿ ಬೆರಳಷ್ಟು ತೆರೆಯಿರಿ. ಒಣಮೆಣಸಿನ ಘಾಟಿಗೆ ಹೊಗೆ ಅಲಾರಂ ಅರಚುತ್ತದೆ. ಮಲಗುವ ಕೋಣೆಗಳ ಬಾಗಿಲು ಹಾಕಿರಲಿ, ಸ್ಕೀ ಜಾಕೆಟ್ಟಿಗೆ ಹಿಡಿದ ಇಂಗಿನ ವಾಸನೆ ವಾರವಾದರೂ ಬಿಡದು.

ಮನೆ ಸೇರಿದ ಮೊದಲ ಗಂಟೆ

ಎಲ್ಲಕ್ಕಿಂತ ಮೊದಲು ಕಾರಿನಿಂದ ಆಹಾರ ಪೂರ್ತಿ ಒಳಗೆ. ಇಲ್ಲಿನ ಕರಡಿಗಳಲ್ಲಿ ಕೆಲವು ಚಳಿಗಾಲದಲ್ಲೂ ಮಲಗುವುದಿಲ್ಲ, ಕಾರಿನ ಬಾಗಿಲು ತೆರೆಯಲು ಕಲಿತಿವೆ. ಟೂತ್‌ಪೇಸ್ಟ್, ಲಿಪ್ ಬಾಮ್, ಖಾಲಿ ಕೋಡುಬಳೆ ಪೊಟ್ಟಣ ಕೂಡ ಉಳಿಯಬಾರದು. ಬಾಗಿಲು ಲಾಕ್ ಮಾಡಿ. ಕಸ ಹೊರಗಿನ ಲೋಹದ ಕರಡಿ ಪೆಟ್ಟಿಗೆಯಲ್ಲೇ.

ಕಾರಿನ ವೈಪರ್ ಎತ್ತಿ ನಿಲ್ಲಿಸಿ. ಜಾಗ ಸಮತಟ್ಟಾಗಿದ್ದರೆ ಗೇರ್ ಪಾರ್ಕಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯದಿರಿ, ಒದ್ದೆಯಾಗಿ ಹೆಪ್ಪುಗಟ್ಟಿದರೆ ಬಿಡುವುದಿಲ್ಲ. ಹೀಟರ್, ನೀರು ಕಾಯಿಸುವ ಯಂತ್ರದ ಹೊಗೆ ಹೊರಹೋಗುವ ಕೊಳವೆಗಳು ಗೋಡೆಯಲ್ಲಿ ಎಲ್ಲಿವೆ ನೋಡಿ, ಅವುಗಳ ಮುಂದಿನ ಹಿಮ ಸರಿಸಿ. ಸೂರಿನ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ, ಛಾವಣಿಯ ಹಿಮ ಒಮ್ಮೆಲೇ ಜಾರಿ ಬೀಳುತ್ತದೆ. ಕಟ್ಟಿಗೆ ಒಲೆ ಹಚ್ಚುವ ಮುನ್ನ ಹೊಗೆಗೂಡಿನ ತಡಿಕೆ ತೆರೆದಿದೆಯೇ ಖಚಿತ ಮಾಡಿಕೊಳ್ಳಿ. ಬೂದಿ ತೆಗೆದರೆ ಮುಚ್ಚಳದ ಲೋಹದ ಬಕೆಟ್ಟಿಗೆ, ಒಳಗಿನ ಕೆಂಡ ದಿನಗಟ್ಟಲೆ ಜೀವಂತ.

ಹಿರಿಯರಿದ್ದರೆ ಅವರ ಶೂಗೆ ತೊಡಿಸುವ ಮುಳ್ಳಿನ ರಬ್ಬರು ತಂದಿರಿ. ಈ ಎತ್ತರಕ್ಕೆ ಮೊದಲ ರಾತ್ರಿ ತಲೆನೋವು, ನಿದ್ದೆ ಬಾರದಿರುವುದು ಸಹಜ. ನೀರು ಹೆಚ್ಚು ಕುಡಿಸಿ, ಅವರ ನಿತ್ಯದ ಗುಳಿಗೆಗಳು ಎರಡು ದಿನಕ್ಕಾಗುವಷ್ಟು ಹೆಚ್ಚಿಗೇ ಇರಲಿ. ಸ್ಕೀ ಮಾಡದವರಿಗೆ ಹೆವನ್ಲಿಯ ಗೊಂಡೋಲಾ ಇದೆ, ನಡುದಾರಿಯ ಅಟ್ಟದಿಂದ ಇಡೀ ಸರೋವರ ಕಾಣುತ್ತದೆ.

ಬೆಟ್ಟದ ಮೇಲೆ

ಎಂಟಕ್ಕೆ ಪಾರ್ಕಿಂಗ್ ತಲುಪಿ, ಬೂಟು ಕಾರಿನ ಒಳಗಿಟ್ಟು ಒಯ್ಯಿರಿ. ಟ್ರಂಕಿನಲ್ಲಿ ರಾತ್ರಿಯಿಡೀ ಇದ್ದ ಬೂಟು ಕಲ್ಲಾಗಿ ಕಾಲೇ ಹೋಗದು. ಹೊಸಬರು ಮ್ಯಾಜಿಕ್ ಕಾರ್ಪೆಟ್ ಎಂಬ, ನೆಲದ ಮೇಲೆ ಸಾಗುವ ಪಟ್ಟಿ ಬಿಟ್ಟು ಮೊದಲ ಪಾಠ ಮುಗಿಯುವವರೆಗೆ ಚೇರ್‌ಲಿಫ್ಟ್ ಹತ್ತಬೇಡಿ. ಸ್ಕೀ ಬರುವ ಗೆಳೆಯ ಕಲಿಸುತ್ತೇನೆಂದರೂ ದುಡ್ಡು ಕೊಟ್ಟು ಪಾಠ ತೆಗೆದುಕೊಳ್ಳಿ. ಜೇಬಿನಲ್ಲಿ ಚಿಕ್ಕಿ, ಗೋಡಂಬಿ ಇರಲಿ. ಮೂರು ಗಂಟೆಗೆ ನಿಲ್ಲಿಸಿ. ಕಾಲು ಸೋತಾಗ ಮಾಡುವ ಕೊನೆಯ ಒಂದು ಇಳಿತದಲ್ಲಿ ಪೆಟ್ಟಾಗುವುದು ಹೆಚ್ಚು. ಸಂಜೆ ಬೂಟಿನ ಒಳಚೀಲ, ಕೈಗವಸು ಬೆಚ್ಚನೆ ಗಾಳಿಗೆ ಹರಡಿ, ಒಲೆಗೆ ತೀರ ಹತ್ತಿರ ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಹೊರಡುವ ದಿನ

ಒಂದು ಗಂಟೆ ಮುಂಚೆ ಎದ್ದು ಹೊರಗೆ ನೋಡಿ. ರಸ್ತೆಯ ಹಿಮ ತೆಗೆದ ಗಾಡಿ ನಿಮ್ಮ ಮನೆಯ ಬಾಯಿಗೆ ಸೊಂಟದೆತ್ತರದ ಗಟ್ಟಿ ದಿಣ್ಣೆ ಬಿಟ್ಟು ಹೋಗಿರುತ್ತದೆ, ಅದನ್ನು ಅಗೆಯಲು ಇಬ್ಬರು ಗಟ್ಟಿಗರಿಗೆ ಅರ್ಧ ಗಂಟೆ ಬೇಕು. ಕಾರಿನ ಛಾವಣಿಯ ಹಿಮವನ್ನೂ ತೆಗೆಯಿರಿ, ಬ್ರೇಕು ಹಾಕಿದಾಗ ಅದು ನಿಮ್ಮ ಗಾಜಿನ ಮೇಲೇ ಜಾರುತ್ತದೆ. ಹೀಟರ್ ಆರಿಸಬೇಡಿ, 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ; ಆರಿಸಿದರೆ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ, ರಿಪೇರಿ ಖರ್ಚು ನಿಮ್ಮ ತಲೆಗೇ ಬರುತ್ತದೆ. ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ, ಹತ್ತಕ್ಕೆ ಮುಂಚೆ ಹೊರಡಿ.

ನಿಯಂತ್ರಣ ಮುಗಿಯಿತೆಂಬ ಫಲಕ ಕಂಡ ಕೂಡಲೇ ಬದಿಗೆ ನಿಂತು ಚೈನು ಬಿಚ್ಚಿ. ಒಣ ರಸ್ತೆಯಲ್ಲಿ ಹತ್ತು ಮೈಲಿ ಓಡಿಸಿದರೆ ಕೊಂಡಿ ಸವೆದು ತುಂಡಾಗುತ್ತದೆ. ಮನೆಗೆ ಬಂದ ಸಂಜೆಯೇ ಬಕೆಟ್ ನೀರಿನಲ್ಲಿ ಉಪ್ಪು ತೊಳೆದು, ಒರೆಸಿ, ಬಿಸಿಲಿಗೆ ಒಣಹಾಕಿ ಚೀಲಕ್ಕೆ ಹಾಕಿ. ಹಾಗೇ ಕಟ್ಟಿಟ್ಟರೆ ಮುಂದಿನ ಡಿಸೆಂಬರಿಗೆ ತುಕ್ಕಿನ ಮುದ್ದೆ.